ಒಬ್ಬರಿಗೆಂದು ಹಾಕಿದ ಎಲೆ

ಹೋಟೆಲಿನಲ್ಲಿ ಒಬ್ಬರೇ ಕುಳಿತು ಊಟ ಮಾಡುವವರನ್ನು ಕಂಡರೆ ನಮ್ಮಲ್ಲಿ ಅನೇಕರಿಗೆ ಸಣ್ಣದೊಂದು ಮರುಕ ಹುಟ್ಟುತ್ತದೆ. ಮನೆಯಲ್ಲಿ ಯಾರೂ ಇಲ್ಲವೇನೋ, ಜೊತೆಗೆ ಬರುವವರು ಸಿಗಲಿಲ್ಲವೇನೋ ಎಂದುಕೊಳ್ಳುತ್ತೇವೆ. ಪಂಕ್ತಿಯಲ್ಲಿ ಕೂತು ಉಂಡು ಬೆಳೆದವರಿಗೆ ಹಾಗನ್ನಿಸುವುದು ಸಹಜವೇ. ಒಬ್ಬನೇ ಉಣ್ಣುವುದು ದೋಷ ಎಂಬ ಭಾವ ಋಗ್ವೇದದಷ್ಟು ಹಳೆಯದು. ಆದರೆ ಹಾಗೆನ್ನುವ ಅಲ್ಲಿನ ಸೂಕ್ತದ ಸಿಟ್ಟೆಲ್ಲ, ಹಸಿದವನು ಎದುರಿಗೇ ಬಂದು ನಿಂತರೂ ಎದೆ ಕಲ್ಲು ಮಾಡಿಕೊಂಡು ತನ್ನ ಪಾಡಿಗೆ ತಾನು ತಿನ್ನುವವನ ಮೇಲೆ. ಕೆಲಸಕ್ಕೆಂದು ಬಂದ ಊರಿನಲ್ಲಿ ಮಧ್ಯಾಹ್ನ ಹಸಿವಾಗಿ, ಜೊತೆಯಿಲ್ಲದೆ ತಟ್ಟೆಯ ಮುಂದೆ ಕುಳಿತವನನ್ನು ಅದು ಬೈದಿಲ್ಲ. ಅಂಥವನ ಊಟಕ್ಕೂ ಒಂದು ಘನತೆ ಇದೆ ಎಂದು ನಲವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬರೆಯುತ್ತ ಬಂದವರು ಜಪಾನಿನ ಮಸಾಯುಕಿ ಕುಸುಮಿ.

ಕುಸುಮಿ ಹುಟ್ಟಿದ್ದು 1958ರಲ್ಲಿ, ಟೋಕಿಯೋದ ಮಿತಾಕಾದಲ್ಲಿ. ಮಾಂಗಾ ಎಂದು ಹೆಸರಾದ ಜಪಾನಿನ ಚಿತ್ರಕಥೆಗಳಲ್ಲಿ ಕಥೆ ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು ಆಗಿರುವುದುಂಟು. ಕುಸುಮಿಯವರದು ಹೆಚ್ಚಾಗಿ ಮೊದಲನೆಯ ಪಾಲು. 1981ರಲ್ಲಿ ಹಾರುಕಿ ಇಜುಮಿ ಎಂಬ ಚಿತ್ರಕಾರರ ಜೊತೆ ಸೇರಿ, ಇಬ್ಬರ ಹೆಸರನ್ನೂ ಬೆಸೆದು 'ಮಸಾಯುಕಿ ಇಜುಮಿ' ಎಂದಿಟ್ಟುಕೊಂಡು, 'ಗಾರೋ' ಎಂಬ ಪತ್ರಿಕೆಯಲ್ಲಿ ಮೊದಲ ಕಥೆ ಪ್ರಕಟಿಸಿದರು. ದೊಡ್ಡ ಪತ್ರಿಕೆಗಳು ಕೈಗೆತ್ತಿಕೊಳ್ಳದ ಹೊಸ ಬಗೆಯ ಬರವಣಿಗೆಗೆ 'ಗಾರೋ' ಧಾರಾಳವಾಗಿ ಜಾಗ ಕೊಡುತ್ತಿತ್ತು. ಲೇಖಕರಿಗೆ ಸಂಭಾವನೆ ಕೊಡುವಷ್ಟು ಹಣ ಮಾತ್ರ ಅದರ ಬಳಿ ಇರುತ್ತಿರಲಿಲ್ಲ. ಆ ಮೊದಲ ಕಥೆಯಲ್ಲಿ ನಡೆಯುವುದು ಬಹಳ ಕಡಿಮೆ. ಉದ್ದನೆಯ ಕೋಟು ತೊಟ್ಟ ಗಂಭೀರ ಮನುಷ್ಯನೊಬ್ಬ ರಾತ್ರಿ ರೈಲಿನಲ್ಲಿ ಬುತ್ತಿಯ ಪೆಟ್ಟಿಗೆ ಬಿಚ್ಚಿ, ಯಾವುದಾದ ಮೇಲೆ ಯಾವುದನ್ನು ತಿನ್ನಬೇಕು ಎಂದು ಆಳವಾಗಿ ಯೋಚಿಸುತ್ತಾನೆ. ಅಷ್ಟೇ ಕಥೆ. ಪಲ್ಯ ಉಳಿದು ಅನ್ನ ಮುಗಿಯಬಾರದು, ಅನ್ನ ಉಳಿದು ಪಲ್ಯ ಮುಗಿಯಬಾರದು ಎಂಬ ಲೆಕ್ಕಾಚಾರ ನಾವೂ ದಿನಾ ಮಾಡುವಂಥದೇ ಅಲ್ಲವೇ? ಅದು ಬರೆಯತಕ್ಕ ವಿಷಯ ಎಂದು ಇಪ್ಪತ್ತು ದಾಟಿದ ಹುಡುಗನಿಗೆ ಹೊಳೆದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಊಟದ ಮಾಂಗಾ ಅಂದರೆ ಆ ಕಾಲಕ್ಕೆ ಜಪಾನಿನಲ್ಲಿ ಬೇರೆಯೇ ದಾರಿ ಹಿಡಿಯುತ್ತಿತ್ತು. ತೆತ್ಸು ಕರಿಯ ಬರೆದ 'ಓಯಿಶಿನ್ಬೊ' 1983ರಲ್ಲಿ ಆರಂಭವಾಗಿ ನೂರಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆಯಿತು. ಅದರಲ್ಲಿ ಮಗ ಮತ್ತು ತಂದೆಯ ನಡುವೆ ರುಚಿಯ ಯುದ್ಧವೇ ನಡೆಯುತ್ತದೆ. ಯಾರ ಅಡುಗೆ ಪರಮಶ್ರೇಷ್ಠ ಎಂಬ ತೀರ್ಪಿಗಾಗಿ ಓದುಗರು ಕಾಯುತ್ತಾರೆ. ಅದು ಒಳ್ಳೆಯ ಕೃತಿಯೇ, ಜಪಾನಿನ ಅಕ್ಕಿ, ಮೀನು, ಸೋಯಾ ಸಾಸ್‌ಗಳ ಬಗ್ಗೆ ಅದರಿಂದ ಕಲಿತವರು ಅಸಂಖ್ಯ. ಕುಸುಮಿಯವರಿಗೆ ತೀರ್ಪು ಬೇಕಿರಲಿಲ್ಲ. 1994ರಲ್ಲಿ, ದೇಶದ ಆಸ್ತಿ ಬೆಲೆಗಳ ಉಬ್ಬರದ ಹುಚ್ಚುಸಂಭ್ರಮ ಇಳಿದು ಜನ ಕೈ ಬಿಗಿ ಹಿಡಿಯುತ್ತಿದ್ದ ಕಾಲಕ್ಕೆ, ಅವರು ಹಿರಿಯ ಚಿತ್ರಕಾರ ಜಿರೋ ತನಿಗುಚಿಯವರ ಜೊತೆಗೂಡಿ 'ಕೊದೊಕು ನೊ ಗುರುಮೆ' ಶುರುಮಾಡಿದರು. ಒಂಟಿಯಾಗಿ ಉಣ್ಣುವ ರುಚಿಗಾರನ ಕಥೆ ಅದು. ನಾಯಕ ಗೊರೋ ಇನೊಗಶಿರ ವಿದೇಶದಿಂದ ಅಲಂಕಾರದ ಸಾಮಾನು ತರಿಸಿ ಮಾರುವ ಸಣ್ಣ ವ್ಯಾಪಾರಿ. ಗಿರಾಕಿಯನ್ನು ಕಾಣಲು ಯಾವುದೋ ಬಡಾವಣೆಗೆ ಹೋಗುತ್ತಾನೆ, ಹಸಿವಾಗುತ್ತದೆ, ಕಣ್ಣಿಗೆ ಬಿದ್ದ ಅಂಗಡಿಗೆ ನುಗ್ಗುತ್ತಾನೆ. ಮದ್ಯ ಅವನಿಗೆ ಒಗ್ಗುವುದಿಲ್ಲ. ಕುಡಿಯುವವರೇ ತುಂಬಿರುವ ಜಾಗದಲ್ಲೂ ಅನ್ನ ಕೇಳುತ್ತಾನೆ.

ಮೊದಲ ಅಧ್ಯಾಯ ನಡೆಯುವುದು ಟೋಕಿಯೋದ ಸಾನ್ಯದಲ್ಲಿ. ದಿನಗೂಲಿಯವರು ಹೆಚ್ಚಾಗಿದ್ದ ಬಡವರ ಕೇರಿ ಅದು. ಗೊರೋ ಅಲ್ಲಿ ಹಂದಿಮಾಂಸದ ಹುರಿದ ಖಾದ್ಯ, ಅನ್ನ, ಜೊತೆಗೊಂದು ಸಾರು ಹೇಳುತ್ತಾನೆ. ಬಂದ ಮೇಲೆ ನೋಡಿದರೆ ಸಾರಿನಲ್ಲೂ ಹಂದಿಮಾಂಸ! ಒಂದೇ ಪದಾರ್ಥ ಎರಡು ಸಲ ಆಯಿತಲ್ಲ ಎಂದು ಒಳಗೊಳಗೇ ಪೇಚಾಡಿಕೊಂಡು, ಆಮೇಲೆ ಈ ಅಂಗಡಿಯಲ್ಲಿ ಸಾರು, ಅನ್ನ ಇಷ್ಟು ಹೇಳಿದ್ದರೂ ಸಾಕಿತ್ತು ಎಂಬ ತಿಳಿವಳಿಕೆಗೆ ಬಂದು, ಎಲ್ಲವನ್ನೂ ಉಣ್ಣುತ್ತಾನೆ. ಇಷ್ಟು ಸಣ್ಣ ಸಂಗತಿಗೆ ತನಿಗುಚಿ ಕೊಟ್ಟ ಶ್ರದ್ಧೆ ನೋಡಬೇಕು. ಗೋಡೆಗೆ ಅಂಟಿಸಿದ ಬೆಲೆಪಟ್ಟಿ, ಸವೆದ ಮೇಜು, ಬಟ್ಟಲಿನಿಂದ ಏಳುವ ಹಬೆ, ಪಕ್ಕದಲ್ಲಿ ಕೂತವರ ಬೆನ್ನು, ಒಂದನ್ನೂ ಅವರು ಬಿಟ್ಟಿಲ್ಲ. ನನಗೆ ಬಹಳ ಹಿಡಿಸಿದ್ದು ಅಧ್ಯಾಯಗಳ ಶೀರ್ಷಿಕೆ. ಯಾವ ಬಡಾವಣೆ, ಯಾವ ತಿನಿಸು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿರುತ್ತದೆ, ಅಂಗಡಿಯ ಹೆಸರು ಮಾತ್ರ ಇರುವುದಿಲ್ಲ. ಆ ಬೀದಿಯಲ್ಲಿ ನಡೆಯುವ ಸುಖವನ್ನು ಲೇಖಕ ಓದುಗನಿಗೇ ಬಿಟ್ಟುಕೊಟ್ಟಿದ್ದಾರೆ. ಈಗ ನಾವು ಹೊಸ ಊರಿಗೆ ಹೋದರೆ ಮೊದಲು ಫೋನಿನಲ್ಲಿ ನಕ್ಷತ್ರಗಳನ್ನು ಎಣಿಸುತ್ತೇವೆ, ಹತ್ತಾರು ಅಪರಿಚಿತರು ಒಪ್ಪಿದ ಮೇಲೆ ನಮ್ಮ ನಾಲಿಗೆಗೆ ಅಪ್ಪಣೆ ಸಿಗುತ್ತದೆ. ಗೊರೋ ಬಾಗಿಲಲ್ಲಿ ನಿಂತು ವಾಸನೆ ಹಿಡಿಯುತ್ತಾನೆ, ಒಳಗಿನವರ ಮುಖ ನೋಡುತ್ತಾನೆ, ತನ್ನ ಹೊಟ್ಟೆಯನ್ನು ಕೇಳುತ್ತಾನೆ. ಕೆಲವೊಮ್ಮೆ ಅವನ ಆಯ್ಕೆ ಕೈಕೊಡುತ್ತದೆ. ಹಾಗಾದಾಗಲೂ ಆ ಊಟ ಅವನದೇ ಆಗಿರುತ್ತದೆ.

ಹೀಗೆ ತನ್ನ ತಟ್ಟೆಯಲ್ಲೇ ಮುಳುಗಿದವನಿಗೆ ಸುತ್ತಲಿನವರ ಪರಿವೆ ಇರುತ್ತದೆಯೇ? ಈ ಸಂದೇಹಕ್ಕೆ ಉತ್ತರದಂತಿರುವ ಒಂದು ಅಧ್ಯಾಯ ಅದೇ ಮೊದಲ ಸಂಪುಟದಲ್ಲಿದೆ. ಇತಾಬಾಶಿಯ ಒಂದು ಅಂಗಡಿಗೆ ಗೊರೋ ಮಧ್ಯಾಹ್ನದ ಊಟಕ್ಕೆ ಹೋಗಿದ್ದಾನೆ. ಬಯಸಿದ ಖಾದ್ಯ ಬಂದಿದೆ. ಆದರೆ ಅಂಗಡಿಯ ಯಜಮಾನ ಗಿರಾಕಿಗಳ ಎದುರಿಗೇ ಕೆಲಸದ ಹುಡುಗನನ್ನು ಒಂದೇ ಸಮನೆ ಗದರುತ್ತಿದ್ದಾನೆ, ನೂಕುತ್ತಿದ್ದಾನೆ. ಹುಡುಗ ಓದಲೆಂದು ಹೊರದೇಶದಿಂದ ಬಂದವನು. ಉಳಿದ ಗಿರಾಕಿಗಳು ತಲೆ ತಗ್ಗಿಸಿ ಉಣ್ಣುತ್ತಾರೆ. ಗೊರೋಗೆ ತುತ್ತು ಇಳಿಯುವುದಿಲ್ಲ. ಅರ್ಧಕ್ಕೇ ಕೈ ತಡೆದು, ನಿನ್ನ ಮಾತು ಕೇಳುತ್ತ ನಾನು ಉಣ್ಣಲಾರೆ, ಉಣ್ಣುವ ಮನುಷ್ಯನ ನೆಮ್ಮದಿಯ ಅರಿವೇ ನಿನಗಿಲ್ಲ ಎಂಬ ಅರ್ಥದಲ್ಲಿ ಯಜಮಾನನಿಗೆ ಹೇಳಿಯೇ ಬಿಡುತ್ತಾನೆ. ಮಾತು ಬೆಳೆದು ಕೈಕೈ ಮಿಲಾಯಿಸುತ್ತದೆ. ಗೊರೋ ಯಜಮಾನನ ತೋಳನ್ನು ಹಿಂದಕ್ಕೆ ತಿರುಚಿ ಹಿಡಿಯುತ್ತಾನೆ. ಆಗ ಬೇಡ, ಇಷ್ಟು ಸಾಕು ಎಂದು ತಡೆಯುವವನು ಯಾರು? ಅದುವರೆಗೆ ಬೈಗುಳ ತಿಂದ ಆ ಹುಡುಗನೇ. ಇಡೀ ಪುಸ್ತಕದಲ್ಲಿ ಹೊಡೆದಾಟದಂಥದು ನಡೆಯುವುದು ಇದೊಂದು ಕಡೆ. ಕುಸುಮಿಯವರ ಬರವಣಿಗೆಯ ತಿರುಳು ನನಗೆ ಕಾಣುವುದು ಇಲ್ಲಿಯೇ. ಅನ್ನದ ಮೇಲೆ ಪೂರ್ತಿ ಗಮನವಿಟ್ಟವನಿಗೆ ಅದನ್ನು ತಂದಿಟ್ಟ ಕೈಯ ನೋವು ಕಾಣದೆ ಇರುವುದಿಲ್ಲ. ಮಾತಿನ ಭರದಲ್ಲಿ, ಫೋನಿನ ಗುಂಗಿನಲ್ಲಿ ಉಣ್ಣುವವನಿಗೆ ತಟ್ಟೆಯೂ ಕಾಣುವುದಿಲ್ಲ, ತಟ್ಟೆ ಎತ್ತುವ ಹುಡುಗನೂ ಕಾಣುವುದಿಲ್ಲ. ಋಗ್ವೇದದ ಋಷಿ ಬೈದದ್ದು ಈ ಕುರುಡನ್ನೇ ಇರಬೇಕು. ಪಂಕ್ತಿಯ ನಡುವೆ ಕೂತರೂ ಈ ಕುರುಡು ಬರಬಹುದು.

ಮನೆಯೊಳಗಿನ ಒಂಟಿ ಊಟದ ಮೇಲೂ ಕುಸುಮಿಯವರ ಕಣ್ಣು ಬಿತ್ತು. ಎತ್ಸುಕೊ ಮಿಜುಸಾವಾ ಚಿತ್ರ ಬಿಡಿಸಿದ 'ಹಾನಾ ನೊ ಜುಬೊರಾಮೆಶಿ'ಯ ಹಾನಾಗೆ ಮೂವತ್ತರ ವಯಸ್ಸು, ಪುಸ್ತಕದಂಗಡಿಯಲ್ಲಿ ಅರೆಕಾಲಿಕ ಕೆಲಸ. ಗಂಡನಿಗೆ ಬೇರೆ ಊರಿಗೆ ವರ್ಗವಾಗಿದೆ. ತನ್ನೊಬ್ಬಳಿಗಾಗಿ ಯಾರು ಅಡುಗೆ ಮಾಡುತ್ತಾರೆ ಎಂದು ಅವಳಿಗೆ ಸೋಮಾರಿತನ. ಬ್ರೆಡ್ಡಿನ ಮೇಲೆ ಡಬ್ಬಿಯ ಮೀನೋ, ಅನ್ನಕ್ಕೆ ಉಳಿದದ್ದೇನೋ ಕಲಸಿಕೊಳ್ಳುತ್ತಾಳೆ, ಆದರೆ ಬಾಯಿಗಿಟ್ಟಾಗ ಮೈಯೆಲ್ಲ ಅರಳುವಂತೆ ಖುಷಿಪಡುತ್ತಾಳೆ. ಇದನ್ನು ಓದುವಾಗ ನಮ್ಮ ಮನೆಗಳ ಮಧ್ಯಾಹ್ನ ನೆನಪಾಗದೆ ಇರುವುದಿಲ್ಲ. ಎಲ್ಲರನ್ನೂ ಕಳಿಸಿದ ಮೇಲೆ ಅಮ್ಮನೋ ಅತ್ತಿಗೆಯೋ ಅಡುಗೆಮನೆಯಲ್ಲಿ ನಿಂತೇ, ತಳದಲ್ಲಿ ಉಳಿದ ಸಾರಿಗೆ ತಂಗಳನ್ನ ಕಲಸಿ ಮುಗಿಸುವ ಊಟ! ಬಂದವರಿಗೆ ತುಪ್ಪ ಬಡಿಸಲು ಮರೆಯದ ಕೈಗೆ ತನ್ನ ಅನ್ನಕ್ಕೆ ತುಪ್ಪ ಹಾಕಿಕೊಳ್ಳಲು ನೆನಪಿರುವುದಿಲ್ಲ. ಹಾನಾಳ ಅಡುಗೆ ಅಡ್ಡಾದಿಡ್ಡಿಯಾದರೂ, ಅವಳು ಕೂತು ಉಣ್ಣುತ್ತಾಳೆ, ಬಿಸಿಯಾಗಿ ಉಣ್ಣುತ್ತಾಳೆ, ತನ್ನನ್ನು ತಾನೇ ಅತಿಥಿಯಂತೆ ಕಾಣುತ್ತಾಳೆ. ನಮ್ಮ ಮನೆಯ ಹೆಂಗಸರಿಗೆ ಇಷ್ಟಾದರೂ ಸಿಗಬೇಕು. ಅದನ್ನು ಮಾಡಿಕೊಡುವುದು ಕಷ್ಟವೂ ಅಲ್ಲ: ಬೆಳಗಿನ ಬುತ್ತಿ ಕಟ್ಟುವಾಗ ಅವರ ಪಾಲಿನ ಪಲ್ಯವನ್ನು ಮೊದಲು ತೆಗೆದಿಟ್ಟರೆ ಅರ್ಧ ಕೆಲಸ ಆದಂತೆ.

'ಕೊದೊಕು ನೊ ಗುರುಮೆ' ಒಂದೇ ದಿನದಲ್ಲಿ ಹೆಸರು ಮಾಡಿದ್ದಲ್ಲ. 1997ರಲ್ಲಿ ಪುಸ್ತಕವಾಗಿ ಬಂದದ್ದು ನಿಧಾನಕ್ಕೆ ಓದುಗರನ್ನು ಕೂಡಿಸಿಕೊಳ್ಳುತ್ತ ಹೋಯಿತು, ಎರಡನೆಯ ಸಂಪುಟ ಬರುವುದಕ್ಕೆ 2015 ಆಯಿತು. ಮುಂದಿನೆರಡು ವರ್ಷದಲ್ಲಿ ತನಿಗುಚಿ ತೀರಿಕೊಂಡರು. ಅಷ್ಟರಲ್ಲಿ 2012ರಲ್ಲಿ ಟಿವಿ ಟೋಕಿಯೋ ವಾಹಿನಿ ಇದನ್ನು ತಡರಾತ್ರಿಯ ಧಾರಾವಾಹಿ ಮಾಡಿತ್ತು. ಗೊರೋ ಆಗಿ ನಟಿಸಿದ ಯುತಾಕಾ ಮತ್ಸುಶಿಗೆ ಮುಂದೆ ತಾವೇ ನಿರ್ದೇಶಿಸಿದ ಚಲನಚಿತ್ರ 2025ರ ಜನವರಿಯಲ್ಲಿ ತೆರೆ ಕಂಡಿತು. ಧಾರಾವಾಹಿಯ ಸಂಗೀತವೂ ಕುಸುಮಿ ಮತ್ತು ಅವರ ಗೆಳೆಯರ ವಾದ್ಯತಂಡದ್ದೇ. ಸಂಚಿಕೆಯ ಕಥೆ ಮುಗಿದ ಮೇಲೆ ಬರುವ ಕೊನೆಯ ಭಾಗದಲ್ಲಿ ಅವರೇ ಕಾಣಿಸಿಕೊಳ್ಳುತ್ತಾರೆ. ಆ ಸಂಚಿಕೆಯಲ್ಲಿ ತೋರಿಸಿದ ಅಂಗಡಿ ನಿಜವಾದದ್ದು. ಕುಸುಮಿ ಅಲ್ಲಿಗೆ ಹೋಗಿ ಕೂರುತ್ತಾರೆ. ಗೊರೋಗೆ ಒಗ್ಗದ ಬಿಯರನ್ನು ಇವರು ಸಂತೋಷದಿಂದ ಕುಡಿಯುತ್ತಾರೆ, ಬಡಿಸಿದ್ದನ್ನು ತಿನ್ನುತ್ತಾರೆ, ಅಂಗಡಿಯವರ ಜೊತೆ ಮಾತಿಗೆ ತೊಡಗುತ್ತಾರೆ. ಅಷ್ಟು ಹೊತ್ತೂ ಗೊರೋ ಮನಸ್ಸಿನಲ್ಲೇ ಆಡಿಕೊಂಡ ಮೆಚ್ಚುಗೆಯನ್ನು, ಅವನನ್ನು ಸೃಷ್ಟಿಸಿದ ಮನುಷ್ಯ ಒಲೆಯ ಮುಂದೆ ನಿಂತವರಿಗೆ ಎದುರಾ ಎದುರು ಹೇಳಿ ಬರುತ್ತಾರೆ.