ಹೊಟ್ಟೆ ನೋಡಿ ಕೊಟ್ಟ ತೀರ್ಪು



ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ವಿಜಯಪುರ ಜಿಲ್ಲೆಯವನು, ಹೊಟ್ಟೆಪಾಡಿಗೆ ಇಂದಾಪುರಕ್ಕೆ ಬಂದವನು. ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ನಮ್ಮ ಕಡೆಯವರೇ ಒಬ್ಬರು, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, ಮಾಲೆ ಹಾಕಬೇಕೆಂದು ಬಂದರು. ಕಣ್ಣು ಹಳದಿ, ಕಾಲು ಬಾತಿತ್ತು, ಹೊಟ್ಟೆ ಉಬ್ಬಿತ್ತು. "ಲಿವರ್ ಸಿರೋಸಿಸ್ ಅಂದಾರ್ರೀ" ಎಂದರು. ನಾನು ಎಲ್ಲರೆದುರು, "ಮೊದಲ ಕುಡಿಯೋದು ಬಿಡ್ರಿ, ಆಮ್ಯಾಲೆ ಮಾಲಿ ಮಾತು" ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ಹೋದರು.

ಅವರು ಕುಡಿದವರೇ ಅಲ್ಲ ಎಂದು ಆಮೇಲೆ ಅವರ ಮನೆಯವರಿಂದ ತಿಳಿಯಿತು. ಹೆಪಟೈಟಿಸ್ ಬಿ ವೈರಸ್ ವರ್ಷಗಟ್ಟಲೆ ಗೊತ್ತಾಗದೆ ಒಳಗಿತ್ತು. ಹೆಪಟೈಟಿಸ್ ಸಿ ಇಂದಲೂ, ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಲಿವರ್‌ನಲ್ಲಿ ಕೊಬ್ಬು ಕೂತರೂ ಈ ರೋಗ ಬರಬಹುದು.

ಉಜನಿ ಹಿನ್ನೀರು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಹೊಟ್ಟೆ, ಕರುಳಿನ ರಕ್ತ ಲಿವರ್ ದಾಟಿ ಹೃದಯಕ್ಕೆ ಹೋಗಬೇಕು. ಮತ್ತೆ ಮತ್ತೆ ಗಾಯವಾಗಿ ಲಿವರ್ ಗಟ್ಟಿಯಾದರೆ ಅದೇ ಅಣೆಕಟ್ಟಾಗುತ್ತದೆ. ಭೀಮೆಯ ನೀರು ಹಿಂದಕ್ಕೆ ಹರಡಿ ಪಳಸದೇವದ ಹಳೇ ಗುಡಿಯನ್ನು ಮುಳುಗಿಸಿದ ಹಾಗೆ, ಒತ್ತಡ ಹಿಂದಕ್ಕೆ ಏರಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಲಿವರ್ ತೆಗೆಯಬೇಕಾದ ವಿಷ ಮಿದುಳಿಗೆ ಹೋದರೆ ಮಾತು ತೊದಲುತ್ತದೆ, ಮಂಪರು ಬರುತ್ತದೆ. ನೋಡಿದವರು ಮತ್ತೆ 'ಕುಡಿದಾನ' ಅಂತಾರೆ!

ನಿಜ ತಿಳಿದು ನಾಚಿಕೆಯಾಯಿತು. ಆದರೆ ಸ್ವಾಮಿಗಳೇ, ಅವರು ಕುಡಿಯುವವರೇ ಆಗಿದ್ದರೆ ನನ್ನ ಮಾತು ಸರಿಯಾಗುತ್ತಿತ್ತೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

'ಕುಡೀತೀರಾ?' ಎಂದು ಡಾಕ್ಟರೂ ಕೇಳುತ್ತಾರೆ. ಚಿಕಿತ್ಸೆ ಗೊತ್ತು ಮಾಡಲು ಕೇಳುತ್ತಾರೆ. ನಾನು ಕೇಳಿದ್ದು ಈತ ನನ್ನ ಕರುಣೆಗೆ ತಕ್ಕವನೋ ಅಲ್ಲವೋ ಎಂದು ಅಳೆಯಲು. ಆ ತಕ್ಕಡಿಯನ್ನು ನನ್ನ ಕೈಗೆ ಕೊಟ್ಟವರಾರು? ಸನ್ನಿಧಾನದಲ್ಲಿ 'ತತ್ತ್ವಮಸಿ' ಎಂದು ಬರೆದಿದೆ. ಮಾಲೆ ಹಾಕಿದವರನ್ನೆಲ್ಲ 'ಸ್ವಾಮಿ' ಅನ್ನುವ ನಾಲಿಗೆ, ರೋಗಿಯ ಮುಂದೆ ಬೇರೆಯಾಯಿತು.

ಕುಡಿತ ಸರಿಯೆಂದು ಹೇಳುತ್ತಿಲ್ಲ. ಸಿರೋಸಿಸ್ ಬಂದ ಮೇಲೂ ಬಿಟ್ಟರೆ ಆಯುಷ್ಯ ಹೆಚ್ಚಬಹುದು. ಅದನ್ನು ಹೇಳಲೇಬೇಕು, ಆದರೆ ಪಕ್ಕದಲ್ಲಿ ಕೂತು ಹೇಳಬೇಕು. ನಮ್ಮಲ್ಲೇ 41 ದಿನ ಬಿಟ್ಟು 42ನೇ ದಿನ ಶುರು ಮಾಡುವವರಿಲ್ಲವೇ? ಇನ್ನೊಂದು ಮಾತು: ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಮಾಲೆಗೆ ಮೊದಲು ಡಾಕ್ಟರನ್ನು ಕಾಣಿಸಿ.

ಅವರ ಮನೆಗೆ ಹೋಗಿ ಕೈ ಮುಗಿದು ಕ್ಷಮೆ ಕೇಳಿದೆ. "ಇರಲಿ ಬಿಡ್ರಿ ಸ್ವಾಮಿ, ಎಲ್ಲಾರೂ ಅದನ್ನ ಕೇಳ್ತಾರ" ಎಂದರು. ಬಹಳ ಹೊತ್ತು ಉಪವಾಸ ಇರಬೇಡಿ, ಬೆಟ್ಟ ಹತ್ತಬೇಡಿ ಎಂದು ಡಾಕ್ಟರ್ ಹೇಳಿದ್ದರು. ಆ ವರ್ಷ ಅವರು ಮನೆಯಲ್ಲೇ ತಮ್ಮ ಕೈಯಿಂದ ತೆಂಗಿನಕಾಯಿಗೆ ತುಪ್ಪ ತುಂಬಿದರು. ಅದನ್ನು ನನ್ನ ಇರುಮುಡಿಯಲ್ಲಿ ಇಟ್ಟುಕೊಂಡು ಹದಿನೆಂಟು ಮೆಟ್ಟಿಲು ಹತ್ತಿದೆ.

ಸ್ವಾಮಿ ಶರಣಂ.