ಸೀಟಿಗೆ ಮೊದಲು ದಾರಿ

ಮುಂಬಯಿಯಲ್ಲಿ ಕಾಲೇಜು ಆರಿಸುವುದೆಂದರೆ ಲೋಕಲ್ ಗಾಡಿಯ ಲೈನು ಆರಿಸುವುದು. ಕಟ್ಟಡದ ಮಾತು ಆಮೇಲೆ.

*

ವಿರಾರದಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್. ಬೆಳಗಿನ ಫಾಸ್ಟ್ ಗಾಡಿಯ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತ ಹದಿನಾರರ ಹುಡುಗನ ಮೈಗೆ ಆ ಅಂಕಿಯ ಅರ್ಥ ತಿಳಿಯುತ್ತದೆ. ಫಾರ್ಮ್ ತುಂಬುವ ಅಪ್ಪನಿಗೂ ಒಂದು ಸಲ ತಿಳಿಯಲಿ.

*

2009ರಿಂದ ಇಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ ಆನ್‌ಲೈನ್. ಹತ್ತು ಕಾಲೇಜುಗಳವರೆಗೆ ಹೆಸರು ಕೊಡಬಹುದು. ಮೊದಲ ಹೆಸರೇ ಸಿಕ್ಕಿತೋ, ಸೇರಲೇಬೇಕು. ಬಿಟ್ಟರೆ ಮುಂದಿನ ಸುತ್ತು ಕೈತಪ್ಪುತ್ತದೆ. ಬಾಡಿಗೆ ಮನೆ ಹಿಡಿಯುವ ಮುನ್ನ ನಲ್ಲಿ ತಿರುಗಿಸಿ ನೋಡುವ ನಾವು ಕಾಲೇಜಿಗೆ ಒಂದನೆಯ ನಂಬರು ಕೊಡುವಾಗ ಹೋದ ವರ್ಷದ ಕಟ್‌ಆಫ್ ಪಟ್ಟಿಯಷ್ಟನ್ನೇ ನೋಡುತ್ತೇವೆ. ಬಾಗಿಲಿಗೆ ಎಷ್ಟು ಮಂದಿ ಮುಗಿಬಿದ್ದರೆಂದು ಕಟ್‌ಆಫ್ ಹೇಳೀತು. ಒಳಗೆ ಪಾಠ ನಡೆಯುತ್ತದೆಯೇ ಎಂದು ಹೇಳಲಾರದು.

*

ಹೆಸರಿಗೆ ಕಾಲೇಜು, ಓದಿಗೆ ಕೋಚಿಂಗ್ ಕ್ಲಾಸು. ಈ ಏರ್ಪಾಡು ಎಷ್ಟು ಬೆಳೆಯಿತೆಂದರೆ 2018ರಲ್ಲಿ ರಾಜ್ಯ ಸರ್ಕಾರ ವಿಜ್ಞಾನ ವಿಭಾಗದ ಜೂನಿಯರ್ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಿಯ ಆದೇಶ ಹೊರಡಿಸಬೇಕಾಯಿತು. ಎಷ್ಟು ಬೆಂಚು ತುಂಬಿವೆ, ಲ್ಯಾಬಿನ ಬೀಗ ತೆಗೆದಿದೆಯೇ, ಲೈಬ್ರರಿಯಲ್ಲಿ ಕೂತವರು ಯಾರು? ವಾರದ ನಡುವಿನ ಒಂದು ಬೆಳಗ್ಗೆ ಹೋದವನಿಗೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ವಾಚ್‌ಮನ್ ಒಳಗೆ ಬಿಡದಿದ್ದರೆ ಬೇಸರ ಬೇಡ. ಗೇಟಿನಾಚೆ ವಡಾಪಾವ್ ಗಾಡಿಯ ಬಳಿ ನಿಂತ ಮಕ್ಕಳನ್ನು ಕೇಳಿ: "ಸರ್ ಕ್ಲಾಸಿಗೆ ಬರ್ತಾರಾ? ಪ್ರಾಕ್ಟಿಕಲ್ ಆಗ್ತದಾ?" ಆ ವಯಸ್ಸಿನವರು ಮುಚ್ಚಿಡುವುದಿಲ್ಲ.

*

ಉತ್ಸವದ ದಿನ ಕಾಲೇಜು ನೋಡಲು ಹೋಗಬೇಡಿ. ಆಗಸ್ಟಿನ ಮಲ್ಹಾರ್, ಡಿಸೆಂಬರಿನ ಮೂಡ್ ಇಂಡಿಗೊ ಮಕ್ಕಳ ಸಂತೋಷಕ್ಕೆ ಇರುವಂಥವು. ಉಳಿದ ದಿನಗಳ ಗುಟ್ಟನ್ನು ಅವು ಬಿಟ್ಟುಕೊಡುವುದಿಲ್ಲ.

*

ಮಾಟುಂಗಾ ಮುಂಬಯಿ ಕನ್ನಡಿಗರಾದ ನಮಗೆ ಹೊಸ ಜಾಗವೇನಲ್ಲ. ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೆ, ರಾಮ ನಾಯಕರ ಬಾಳೆಯೆಲೆ ಊಟಕ್ಕೆ ಎಷ್ಟೋ ಸಲ ಹೋಗಿರುತ್ತೇವೆ. ರುಯಿಯಾ, ಪೋದಾರ್, ವಿಜೆಟಿಐ ಎಲ್ಲ ಅಲ್ಲೇ ಇವೆಯಲ್ಲ ಎಂದು ಧೈರ್ಯ. ಆದರೆ ಡೊಂಬಿವಲಿಯ ಹುಡುಗಿಗೆ ಭಾನುವಾರದ ಮಾಟುಂಗಾ ಬೇರೆ, ಸೋಮವಾರ ಬೆಳಗಿನ ದಾದರ್ ಸೇತುವೆ ಬೇರೆ.

*

ಝೇವಿಯರ್ಸ್ ಹುಟ್ಟಿದ್ದು 1869ರಲ್ಲಿ. ಆ ಕಲ್ಲಿನ ಕಮಾನುಗಳ ಕೆಳಗೆ ನಿಂತ ಮಗುವಿಗೆ ಇಲ್ಲೇ ಓದಬೇಕೆಂಬ ಆಸೆ ಹುಟ್ಟಿದರೆ ಅದನ್ನು ಹಗುರವಾಗಿ ಕಾಣಬೇಡಿ. ಹತ್ತನೆಯ ತರಗತಿಯ ಎಷ್ಟೋ ರಾತ್ರಿಗಳ ಓದು ಅಂಥ ಆಸೆಯಿಂದಲೇ ಸಾಗುತ್ತದೆ. ಅದಕ್ಕೇ ಫಲಿತಾಂಶಕ್ಕೆ ಮೊದಲು ತೋರಿಸಬೇಕು. ಅಂಕ ಬಂದ ಮೇಲೆ ತೋರಿಸಿದರೆ ಕೈಗೆಟುಕದವರಿಗೆ ಅದು ನೋವು ಮಾತ್ರ.

*

ಹಳೆಯ ಕಟ್ಟಡಗಳ ಮೆಟ್ಟಿಲು ಎತ್ತರ. ಗಾಲಿಕುರ್ಚಿಯ ಮಗುವಿನ ತಾಯಿಗೆ ನೋಡಬೇಕೋ ಬೇಡವೋ ಎಂಬ ಆಯ್ಕೆಯೇ ಇಲ್ಲ. ಅವಳು ಹೋಗಿ ನೋಡಲೇಬೇಕು.

*

ಊರಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಏನನ್ನೂ ನೋಡಿ ಆರಿಸಿದವರಲ್ಲ. "ನಾವೇನು ನೋಡಿ ಸೇರಿದ್ದೆವಾ?" ಎಂದು ಅವರು ಕೇಳಿದರೆ ನ್ಯಾಯವೇ. ಆದರೆ ಅವರಿಗಾಗಿ ಬೇರೆ ಯಾರೋ ನೋಡಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ರಾತ್ರಿಶಾಲೆ ನಡೆಸಿದ್ದು ದುಡಿಯುವ ಹುಡುಗರ ಬಿಡುವಿನ ಹೊತ್ತು ನೋಡಿ. 1946ರಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ಸಿದ್ಧಾರ್ಥ ಕಾಲೇಜು ತೆರೆದು ಬೆಳಗ್ಗೆಯೇ ಪಾಠ ಇಟ್ಟದ್ದು ಕೆಲಸಕ್ಕೆ ಹೋಗುವವರ ಗಡಿಯಾರ ನೋಡಿ. ಕಾಲೇಜೇ ವಿದ್ಯಾರ್ಥಿಯ ದಾರಿಯನ್ನು ನೋಡಿಕೊಂಡಿತ್ತು. ಇಂದು ವೆಬ್‌ಸೈಟು ಅಂಕ ನೋಡುತ್ತದೆ, ದಾರಿಯನ್ನು ಮನೆಯವರೇ ನೋಡಬೇಕು.

*

ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಮಗುವಿಗೆ ಮೊದಲ ದಿನದ ಇಂಗ್ಲಿಷೇ ಒಂದು ಭಯ. ಅದೇ ದಿನ ಕಾಣದ ಸ್ಟೇಷನ್ನು, ತಿಳಿಯದ ಗೇಟು, ಗುರುತಿಲ್ಲದ ಆಫೀಸು ಕಿಟಕಿ ಕೂಡಿದರೆ ಮಗು ತಡೆಯುವುದಾದರೂ ಹೇಗೆ? ಮೂರು ಭಯವನ್ನಾದರೂ ಮೊದಲೇ ಕಳೆಯಬಹುದು.

*

ಮಳೆಗಾಲದ ಮುಂಬಯಿಯನ್ನು ಲೆಕ್ಕಕ್ಕೆ ಹಿಡಿಯದೆ ಕಾಲೇಜು ಆರಿಸಬಾರದು. ಹಿಂದ್‌ಮಾತಾದಲ್ಲಿ ನೀರು ನಿಂತರೆ, ಕುರ್ಲಾದಲ್ಲಿ ಹಳಿ ಮುಳುಗಿದರೆ ಮಗಳು ಎಲ್ಲಿ ಉಳಿಯುತ್ತಾಳೆ? 2005ರ ಜುಲೈ 26ರ ಮಹಾಮಳೆಯ ಸಂಜೆಯನ್ನು ಕಂಡವರು ಈ ಪ್ರಶ್ನೆಯನ್ನು ಅತಿ ಎನ್ನುವುದಿಲ್ಲ. ದಾರಿಯಲ್ಲಿ ಯಾವ ಅತ್ತೆಯ, ಯಾವ ದೊಡ್ಡಮ್ಮನ ಮನೆ ಇದೆ ಎಂದು ಗುರುತು ಮಾಡಿಡಿ.

*

ನೋಡಿದ ಮಾತ್ರಕ್ಕೆ ಎಲ್ಲ ತಿಳಿಯುವುದಿಲ್ಲ. ಒಳ್ಳೆಯ ಉಪಾಧ್ಯಾಯರು ಒಂದು ಬೆಳಗಿನಲ್ಲಿ ಕಣ್ಣಿಗೆ ಬೀಳುವವರಲ್ಲ.

*

ದೂರದ ಹೆಸರಾಂತ ಕಾಲೇಜೋ, ಹತ್ತಿರದ ಸಾಧಾರಣ ಕಾಲೇಜೋ? ಪಾಠ ಎರಡರಲ್ಲೂ ನಡೆಯುತ್ತದೆಯಾದರೆ ಹತ್ತಿರದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ. ಗಾಡಿಯಲ್ಲಿ ಕಳೆಯುವ ಹೊತ್ತಿನಲ್ಲಿ ಮಗು ನಿದ್ದೆ ಮಾಡಲಿ, ಆಡಲಿ, ಓದಲಿ.

*

ಏಪ್ರಿಲ್ ಬಂತೆಂದರೆ ನಾವು ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುತ್ತೇವೆ. ಫಲಿತಾಂಶದ ಹೊತ್ತಿಗೆ ಮರಳಿದರೆ ಫಾರ್ಮಿಗೆ ಉಳಿದಿರುವುದು ಕೆಲವೇ ದಿನ, ಆಗ ಕಾಲೇಜುಗಳೂ ರಜೆಯಲ್ಲಿ ಖಾಲಿ. ಆದ್ದರಿಂದ ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗಲೇ, ಡಿಸೆಂಬರಿನಲ್ಲೋ ಜನವರಿಯಲ್ಲೋ, ಕೆಲಸಕ್ಕೆ ಒಂದು ದಿನ ರಜೆ ಹಾಕಿ. ಕಾಲೇಜು ಶುರುವಾಗುವ ಹೊತ್ತಿಗೆ ತಲಪುವ ಗಾಡಿಯನ್ನೇ ಹಿಡಿಯಿರಿ. ಟಿಕೆಟನ್ನು ಮಗುವೇ ತೆಗೆಯಲಿ, ದಾರಿಯನ್ನೂ ಅವನೇ, ಅವಳೇ ಕೇಳಲಿ. ನೀವು ಹಿಂದೆ ನಡೆಯಿರಿ.