ಬೀಗ ಬಿದ್ದ ಮನೆಯವರು

ನಮ್ಮ ಹಾಲಹರವಿ ಸೀಮೆಯಲ್ಲಿ "ಸುಗ್ಗಿಗೆ ಹೋಗ್ಯಾರ" ಅಂದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಕಣದಲ್ಲಿ ರಾಶಿ ಬಿದ್ದಿರಬೇಕು ಅಂದುಕೊಳ್ಳುತ್ತಾರೆ. ನಮಗದು ಬೇರೆಯವರ ಸುಗ್ಗಿ. ಮನೆಗೆ ಬೀಗ ಜಡಿದು, ಮಕ್ಕಳು ಮರಿ ಕಟ್ಟಿಕೊಂಡು, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೋ ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೋ ಹೋಗುವುದು. ಮಳೆ ಕೈಕೊಟ್ಟ ವರ್ಷ ಓಣಿ ಓಣಿಗೇ ಬೀಗ ಬೀಳುತ್ತದೆ; ಮುದುಕರು ಕಟ್ಟೆ ಕಾಯುತ್ತಾರೆ.

ಇವರು ಮನೆ ಇದ್ದವರೋ, ಇಲ್ಲದವರೋ? ಕಟ್ಟೆಯ ಮೇಲೆ ಕೇಳಿ ನೋಡಿರಿ. "ಅವರಿಗೇನು ಕಡಿಮಿ, ಊರಾಗ ಮನಿ ಐತಲ್ಲಪ್ಪ" ಅನ್ನುತ್ತಾರೆ. ಐತಿ, ಖರೆ. ಮಣ್ಣಿನ ಮಾಳಿಗೆಯೋ, ಸರಕಾರಿ ಯೋಜನೆಯಲ್ಲಿ ಕಟ್ಟಿದ ಒಂದು ಖೋಲಿಯೋ. ಆದರೆ ವರ್ಷದಲ್ಲಿ ಎಷ್ಟೋ ತಿಂಗಳು ಅವರು ಮಲಗುವುದು ತಗಡಿನ ಶೆಡ್ಡಿನಲ್ಲಿ, ಇಲ್ಲವೇ ಹೊಲದ ಬದುವಿನಲ್ಲಿ ತಾಡಪತ್ರಿಯ ಕೆಳಗೆ.

ಸರಕಾರದ ಲೆಕ್ಕವೂ ಕಟ್ಟೆಯ ಲೆಕ್ಕದ ಹಾಗೇ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಿದರು. ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಸಿಕ್ಕರು. ರಸ್ತೆ ಬದಿ, ರೈಲ್ವೆ ಸ್ಟೇಷನ್ನು, ಗುಡಿ ಮುಂದಿನ ಬಯಲಲ್ಲಿ ಮಲಗಿದವರು ಅವರು. ತಲೆಯ ಮೇಲೆ ತಗಡಿದ್ದವನು ಆ ಲೆಕ್ಕಕ್ಕೆ ಬರಲಿಲ್ಲ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಕೆಲಸ ನಡೆಯುವವರೆಗೆ ಮಾಲೀಕ ಅಲ್ಲೇ ಅಥವಾ ಹತ್ತಿರದಲ್ಲಿ ಆಳುಗಳಿಗೆ ಬಾಡಿಗೆಯಿಲ್ಲದೆ ವಸತಿ ಕೊಡಬೇಕಿತ್ತು. ಅಡುಗೆಗೆ, ಸ್ನಾನಕ್ಕೆ, ಪಾಯಖಾನೆಗೆ ಬೇರೆ ಜಾಗ ಇರಬೇಕಿತ್ತು. ಒಳ್ಳೆಯ ಮಾತು. ಆದರೆ ಮುಂದಿನದನ್ನೂ ಓದಬೇಕು: ಕೆಲಸ ಮುಗಿದ ಮೇಲೆ ಮಾಲೀಕ ತನ್ನ ಖರ್ಚಿನಲ್ಲಿ ಅದನ್ನು ಕಿತ್ತು, ನೆಲ ಸಮ ಮಾಡಿ, ಚೊಕ್ಕಟ ಮಾಡಬೇಕಿತ್ತು. ಗೋಡೆ ಎತ್ತಿದವನ ಗುರುತು ಅಲ್ಲಿ ಉಳಿಯುವುದಿಲ್ಲ. ಕಾನೂನು ಬರೆದವರಿಗೆ ಕೆಟ್ಟ ಮನಸ್ಸಿತ್ತು ಅಂತ ನಾನನ್ನುವುದಿಲ್ಲ. ಮನೆ ಅಂದರೆ ಸೂರು, ಅಷ್ಟೇ ಅಂದುಕೊಂಡರು. ನನ್ನ ಮಟ್ಟಿಗೆ ಮನೆ ಅಂದರೆ "ಏಳು, ಹೊರಡು" ಅಂತ ಇನ್ನೊಬ್ಬ ಹೇಳಲಾಗದ ಜಾಗ. ಜ್ವರ ಬಂದ ದಿನವೂ ಕೂಲಿ ಇಲ್ಲದ ದಿನವೂ ಅಲ್ಲಿರಬಹುದು. ಶೆಡ್ಡಿನಲ್ಲಿ ಕೂಲಿ ನಿಂತ ದಿನ ಸೂರೂ ಹೋಯಿತು.

2020ರ ಮಾರ್ಚಿನಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಲಾಕ್‌ಡೌನ್ ಆಗಿ ಕೆಲಸ ನಿಂತಿತು. ಮನೆಯಲ್ಲೇ ಇರಿ ಅಂದರು. ಮನೆಯಲ್ಲಿರುವುದಕ್ಕಾಗಿಯೇ ಲಕ್ಷಾಂತರ ಜನ ಗಂಟು ಹೊತ್ತು ಊರ ಕಡೆ ನಡೆದರು. ಆಮೇಲೆ ಜುಲೈನಲ್ಲಿ ಕೇಂದ್ರ ಸರಕಾರ, ಪಟ್ಟಣಗಳಲ್ಲಿ ಖಾಲಿ ಬಿದ್ದ ಸರಕಾರಿ ಮನೆಗಳನ್ನು ವಲಸೆ ಬಂದವರಿಗೆ ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ತಂದಿತು. ಖಾಲಿ ಮನೆಗಳಿಗೇನೂ ಬರವಿಲ್ಲ. ಸರಕಾರದ್ದು, ಖಾಸಗಿಯವರದ್ದು ಎಲ್ಲ ಸೇರಿ 2011ರಲ್ಲೇ ಪಟ್ಟಣಗಳಲ್ಲಿ 1 ಕೋಟಿ 10 ಲಕ್ಷದಷ್ಟು ಮನೆ ಖಾಲಿ ಇದ್ದವು. ಆದರೂ ಯೋಜನೆಯಲ್ಲಿ ಹೀಗೆ ಬಾಡಿಗೆಗೆ ಬಂದವು ಕೆಲವು ಸಾವಿರ ಮಾತ್ರ.

ಕಾಯಂ ಕೆಲಸ ಇರಲಿ, ಅಡ್ವಾನ್ಸ್ ಕೊಡಲಿ, ಆಮೇಲೆ ಮನೆ ಅನ್ನುವುದು ಪಟ್ಟಣದ ರೀತಿ. ಯುರೋಪಿನ ಫಿನ್ಲೆಂಡಿನಲ್ಲೂ ಹಿಂದೆ ಹಾಗೇ ಇತ್ತು: ಮೊದಲು ಕುಡಿತ ಬಿಡು, ನೆಟ್ಟಗಾಗು, ಆಮೇಲೆ ಮನೆ. 2008ರಿಂದ ಅವರು ಇದನ್ನು ತಿರುವಿಹಾಕಿದರು. ಬೀದಿಯವನಿಗೆ ಮೊದಲು ಬಾಡಿಗೆ ಕರಾರಿನ ಸಮೇತ ಮನೆ, ಉಳಿದದ್ದು ಆಮೇಲೆ. ಬಹುಕಾಲದಿಂದ ಮನೆಯಿಲ್ಲದವರ ಸಂಖ್ಯೆ ಅಲ್ಲಿ ಚೆನ್ನಾಗಿ ಇಳಿಯಿತು. ಅದು ಸಣ್ಣ ದೇಶ, ದುಡ್ಡಿರುವ ದೇಶ; ಅವರ ಅಂಗಿ ನಮಗೆ ಹಾಗೇ ಹೊಂದದು. ಆದರೆ ಆ ಕರಾರಿನ ಕಾಗದ ಹೊಂದುತ್ತದೆ. ಅದು ಕೈಯಲ್ಲಿದ್ದವನನ್ನು ಮೇಸ್ತ್ರಿ ಸುಮ್ಮನೆ ಎಬ್ಬಿಸಲಾರ.

"ನಾಕು ತಿಂಗಳಿಗೆ ಬಂದೋರಿಗೆ ಮನಿ ಯಾಕ?" ಎಂದು ಮೇಸ್ತ್ರಿಯೂ ಕೇಳುತ್ತಾನೆ, ನಮ್ಮ ಕಟ್ಟೆಯವರೂ ಕೇಳುತ್ತಾರೆ. ಬಂದವನು ನಾಲ್ಕು ತಿಂಗಳಿಗೇ ಇರಬಹುದು. ಅವನು ಹೋದ ಮೇಲೆ ಕೋಸಿಗಿಯವನೋ ರಾಯಚೂರಿನವನೋ ಬರುತ್ತಾನೆ. ಬೆಂಗಳೂರಿಗೆ ಆಳು ಬೇಡವಾದ ತಿಂಗಳು ಯಾವುದಿದೆ? ದುಡಿಸಿಕೊಂಡ ಊರೇ ಈ ಹೊಣೆ ಹೊರಬೇಕು. ಹಾಲಹರವಿಯಲ್ಲಿ ಬೀಗ ಬಿದ್ದ ಮನೆ ತೋರಿಸಿ ಜಾರಿಕೊಳ್ಳುವಂತಿಲ್ಲ. ಅಲ್ಲಿ ಸಾಲಾಗಿ ಖೋಲಿ ಕಟ್ಟಿಸಿ, ತಿಂಗಳ ಬಾಡಿಗೆ ಹಿಡಿದು, ಇರುವವರ ಹೆಸರಿಗೆ ಕಾಗದ ಬರೆದುಕೊಟ್ಟರಾಯಿತು. ಒಬ್ಬ ಬಿಟ್ಟ ಖೋಲಿಗೆ ಇನ್ನೊಬ್ಬ ಬಂದೇ ಬರುತ್ತಾನೆ.